ವರ್ಷಗಟ್ಟಲೆ ನಿಂತ ಅಂಬಾಸಿಡರ್: ಮನೆ ಅಂಗಳದಲ್ಲೇ ಮತ್ತೆ ರಸ್ತೆಗೆ ತರುವ ಬಗೆ

ಹಳೇ ಕಾರು ಕೈಗೆ ಸಿಕ್ಕವರು ಮೊದಲು ಮಾಡುವ ಕೆಲಸ ಒಂದೇ. ಹೊಸ ಬ್ಯಾಟರಿ ತಂದು ಕೂರಿಸಿ ಸೆಲ್ಫ್ ಹೊಡೆಯುವುದು. ದಯವಿಟ್ಟು ಹಾಗೆ ಮಾಡಬೇಡಿ. ಸಿಲಿಂಡರ್ ಗೋಡೆ ಒಣಗಿರುತ್ತದೆ, ಟ್ಯಾಂಕಿನ ಪೆಟ್ರೋಲ್ ಅಂಟಾಗಿರುತ್ತದೆ, ಇಲಿ ಕಡಿದ ವೈರು ಬಾಡಿಗೆ ತಾಗಿರುತ್ತದೆ. ಇದನ್ನೆಲ್ಲ ದಾಟಿ ಇಂಜಿನ್ ಚಾಲೂ ಆಯಿತು ಅಂದುಕೊಳ್ಳಿ. ಆಗ ಇನ್ನೂ ದೊಡ್ಡ ಪಜೀತಿ. ಬ್ರೇಕ್ ಇಲ್ಲದ, ಒಂದು ಟನ್‌ಗಿಂತ ಜಾಸ್ತಿ ತೂಕದ ಕಾರು ನಿಮ್ಮ ಗೇಟಿನ ಕಡೆ ಮುಖ ಮಾಡಿ ನಿಂತಿರುತ್ತದೆ.

ನಮ್ಮ ಓಣಿಯ ಮಿಸ್ತ್ರಿ ಇದನ್ನೇ ಒಂದು ಮಾತಿನಲ್ಲಿ ಹೇಳಿದ್ದ: "ಕಾಕಾ, ಮೊದ್ಲ ನಿಂದ್ರೂದು ನೋಡ್ರಿ, ಓಡೂದು ಆಮ್ಯಾಲ." ನಾನು ಆ ಸಾಲನ್ನೇ ಹಿಡಿದೆ. ಬ್ರೇಕ್, ವೈರಿಂಗ್, ಇಂಜಿನ್, ಕೂಲಿಂಗ್. ಬಣ್ಣ ಎಲ್ಲಕ್ಕಿಂತ ಕೊನೆಗೆ.

ನನ್ನದು 1977ರ ಅಂಬಾಸಿಡರ್ ಮಾರ್ಕ್ 3, 1489 ಸಿಸಿ ಪೆಟ್ರೋಲ್. ಸೋದರಮಾವನ ಕಾರು. ಚಿತ್ತಾಪುರದ ಕಡೆ ಅವರ ಗೋದಾಮಿನಲ್ಲಿ ತೊಗರಿ ಚೀಲಗಳ ಪಕ್ಕ ವರ್ಷಗಟ್ಟಲೆ ನಿಂತಿತ್ತು. ನಾನು ಕಲಬುರಗಿಯಲ್ಲಿ ಕರೆಂಟ್ ಆಫೀಸಿನಲ್ಲಿ ನೌಕರಿ ಮಾಡಿ ರಿಟೈರ್ ಆದವನು. ಹಾಗಾಗಿ ವೈರಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಮೊದಲ ಸಲಕ್ಕೆ ಅಂಬಾಸಿಡರ್ ಒಳ್ಳೆಯ ಕಾರು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಗುತ್ತಿತ್ತು. ಬಿಡಿಭಾಗ ಇನ್ನೂ ಸಿಗುತ್ತವೆ. ಇಲ್ಲಿ ಸಿಗದಿದ್ದರೆ ಸೋಲಾಪುರ, ಅಲ್ಲೂ ಇಲ್ಲದಿದ್ದರೆ ಹೈದರಾಬಾದ್. ಬಾನೆಟ್ ಎತ್ತಿದರೆ ಕೈ ಆಡಿಸಲು ಜಾಗವೂ ಇದೆ.

ಜಾಗ, ಕಾಲ, ಪಾನಾ

ನಮ್ಮ ಕಡೆ ಅಂಗಳಕ್ಕೆಲ್ಲ ಶಹಾಬಾದ್ ಕಲ್ಲು ಹಾಸಿರುತ್ತಾರೆ. ನೋಡಲು ಗಟ್ಟಿ. ಆದರೆ ಅಡಿಯಲ್ಲಿ ಪೊಳ್ಳಿದ್ದರೆ ಜಾಕಿನ ಭಾರಕ್ಕೆ ಪಟ್ಟನೆ ಸೀಳುತ್ತದೆ. ಅದಕ್ಕೇ ಜಾಕಿನ ಕೆಳಗೂ ಸ್ಟ್ಯಾಂಡಿನ ಕೆಳಗೂ ಎರಡು ಇಂಚು ದಪ್ಪದ ಅಗಲವಾದ ಹಲಗೆ ಇಡಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ನುಸುಳಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೂಡ ಬೇಡ. ಜಾಕ್ ಸ್ಟ್ಯಾಂಡ್ ನಾಲ್ಕು ಕೊಂಡುಬಿಡಿ. ನೆಲದಲ್ಲಿ ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಕಟ್ಟಿಗೆ ಒತ್ತಿಡಿ.

ಇನ್ನೊಂದು ಮಾತು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಬ್ಯಾಟರಿ ಆಸಿಡ್ ಬಿದ್ದರೂ, ತುಕ್ಕು ತೆಗೆಯುವ ದ್ರಾವಣ ಚೆಲ್ಲಿದರೂ ಬುರುಗು ಎದ್ದು ಬಿಳಿ ಕಲೆ ಉಳಿಯುತ್ತದೆ. ಆಮೇಲೆ ತಿಕ್ಕಿ ಉಪಯೋಗವಿಲ್ಲ. ಮನೆಯವರ ಮಾತು ಬೇರೆ ಕೇಳಬೇಕು. ಆಸಿಡ್ ಕೆಲಸವೆಲ್ಲ ಪ್ಲಾಸ್ಟಿಕ್ ಬುಟ್ಟಿಯಲ್ಲಿ.

ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಬಿದ್ದ ಪಾನಾ ಮುಟ್ಟಿದರೆ ಕೈ ಸುಡುತ್ತದೆ.

ಪಾನಾ ಅಂದ ಕೂಡಲೇ ಒಂದು ಎಚ್ಚರಿಕೆ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ್ದು. ಅದರ ನಟ್ಟು ಬೋಲ್ಟು ಬಹುಪಾಲು ಇಂಚಿನ ಲೆಕ್ಕದವು. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಪಾನಾ ಹಾಕಿದರೆ ಕೂತಂತೆ ಅನಿಸುತ್ತದೆ, ಜೋರು ಹಾಕಿದ ಕೂಡಲೇ ಮೂಲೆ ತಿಂದುಹಾಕುತ್ತದೆ. 9/16 ಅಂದರೆ 14.3. ಅದಕ್ಕೆ 14 ಹೋಗಲ್ಲ, 15 ಸಡಿಲ. 5/8ಕ್ಕೆ 16, 3/4ಕ್ಕೆ 19 ಮಾತ್ರ ನಡೆಯುತ್ತವೆ. ಇಂಚಿನ ರಿಂಗ್ ಪಾನಾಗಳ ಒಂದು ಸೆಟ್ ಮೊದಲೇ ತನ್ನಿ. ಪ್ರೀಮಿಯರ್ ಪದ್ಮಿನಿ ಇದ್ದವರಿಗೆ ಈ ಗೋಳಿಲ್ಲ. ಅದು ಇಟಲಿಯ ಫಿಯಟ್ ವಂಶ, ಎಲ್ಲ ಮಿ.ಮೀ.

ಜಾಮ್ ಆದ ನಟ್ಟಿಗೆ ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿ ರಾತ್ರಿ ಬಿಡಿ. ಹಿಂದೆ ಚಿಮಣಿ ಎಣ್ಣೆ ಹಾಕುತ್ತಿದ್ದೆವು, ಈಗ ಅದೆಲ್ಲಿ ಸಿಗುತ್ತದೆ? ಬೆಳಿಗ್ಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಮೊದಲು ಬಿಗಿ ಮಾಡುವ ಕಡೆ ಸ್ವಲ್ಪ ಒತ್ತಿ, ಆಮೇಲೆ ಬಿಚ್ಚಿ. ಬಿಚ್ಚುವ ಮುಂಚೆ ಪ್ರತಿಯೊಂದರದ್ದೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬೋಲ್ಟುಗಳನ್ನು ಖಾಲಿ ಡಬ್ಬಿಗಳಲ್ಲಿ ಬೇರೆ ಬೇರೆ ಹಾಕಿ ಹೆಸರು ಬರೆಯಿರಿ.

ಬ್ರೇಕ್

ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್. ಹಳೆಯ ಗಾಡಿಗಳಲ್ಲಿ ನಾಲ್ಕಕ್ಕೂ ಸೇರಿ ಎಣ್ಣೆಯ ದಾರಿ ಒಂದೇ. ಎಲ್ಲಿ ಸೋರಿದರೂ ನಾಲ್ಕೂ ಹೋದವು. ಹಾಗಾಗಿ ಒಂದು ಗಾಲಿ ಸರಿ ಮಾಡಿ ಮೂರು ಬಿಡುವ ಆಟ ಬೇಡ.

ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಊದಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದು ಶ್ವಾಸಕೋಶದೊಳಗೆ ಹೋದರೆ ಹೊರಗೆ ಬರುವುದಿಲ್ಲ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಎಣ್ಣೆಯ ಒತ್ತಡದಿಂದ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ಒಳಗೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಟ್ಟಲು ಇರುತ್ತದೆ, ಅದಕ್ಕೆ ಬಕೆಟ್ ಅನ್ನುತ್ತಾರೆ. ನೋಡಲು ಚೆನ್ನಾಗಿದ್ದರೂ ಬದಲಿಸಿ. ಒಳಗೋಡೆಗೆ ಬೆರಳು ಹಾಕಿ ನೋಡಿ. ಗುಳಿ ಗುಳಿಯಾಗಿದ್ದರೆ ಸಿಲಿಂಡರ್ ಪೂರ್ತಿ ಹೊಸದು ಹಾಕಿ, ಉಜ್ಜಿ ಉಳಿಸಲು ಹೋಗಬೇಡಿ. ರಬ್ಬರ್ ಭಾಗವನ್ನು ಪೆಟ್ರೋಲು ಡೀಸೆಲಿನಲ್ಲಿ ತೊಳೆದರೆ ಉಬ್ಬಿ ಹಾಳಾಗುತ್ತದೆ. ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು.

ಗಾಲಿಯ ಹತ್ತಿರದ ರಬ್ಬರ್ ಹೋಸ್ ಇನ್ನೊಂದು ಮೋಸಗಾರ. ಹೊರಗೆ ಚಂದ ಕಾಣುತ್ತದೆ, ಒಳಗೆ ಊದಿ ದಾರಿ ಮುಚ್ಚಿರುತ್ತದೆ. ಪೆಡಲ್ ಒತ್ತಿದಾಗ ಎಣ್ಣೆ ಹೋಗುತ್ತದೆ, ವಾಪಸು ಬರುವುದಿಲ್ಲ. ಗಾಲಿ ಹಿಡಿದುಕೊಂಡೇ ಓಡಿ ಡ್ರಮ್ ಕಾದುಬಿಡುತ್ತದೆ. ಮೂರೂ ನಾಲ್ಕೂ ಹೋಸ್ ಹೊಸದು ಹಾಕಿ. ಲೋಹದ ಪೈಪಿನ ಮೇಲೆ ತುಕ್ಕಿನ ಹೊಟ್ಟು ಎದ್ದಿದ್ದರೆ ಅದೂ ಹೊಸದು.

ಎಣ್ಣೆಯ ದಾರಿಯಲ್ಲಿ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು. ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಶುರು ಮಾಡಿ. ನಮ್ಮ ಬಲಗಡೆ ಸ್ಟೇರಿಂಗಿನ ಕಾರಿಗೆ ಅದು ಹಿಂದಿನ ಎಡಗಾಲಿ. ನಮ್ಮ ಮನೆಯಲ್ಲಿ ಪೆಡಲ್ ಮೇಲೆ ಕೂತವಳು ಮೊಮ್ಮಗಳು. "ಒತ್ತವ್ವ… ಹಿಡಿ, ಬಿಡಬ್ಯಾಡ… ಈಗ ಬಿಡು." ಅವಳು ಒತ್ತಿ ಹಿಡಿದಾಗ ಗಾಲಿಯ ಹಿಂದಿನ, ಗಾಳಿ ಬಿಡುವ ನಿಪ್ಪಲ್ ಸಡಿಲಿಸಬೇಕು, ಬಿಗಿ ಮಾಡಿದ ಮೇಲೆ ಅವಳು ಕಾಲು ಬಿಡಬೇಕು. ನಿಪ್ಪಲ್‌ಗೆ ಸಣ್ಣ ಪ್ಲಾಸ್ಟಿಕ್ ನಳಿಗೆ ಹಾಕಿ ಇನ್ನೊಂದು ತುದಿಯನ್ನು ಎಣ್ಣೆ ಇರುವ ಬಾಟಲಿಯಲ್ಲಿ ಮುಳುಗಿಸಿಡಿ. ಗುಳ್ಳೆ ನಿಂತರೆ ಮುಂದಿನ ಗಾಲಿ. ನಡುನಡುವೆ ಮೇಲಿನ ಎಣ್ಣೆ ಡಬ್ಬಿ ಖಾಲಿಯಾಗದಂತೆ ತುಂಬುತ್ತಿರಿ. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ. ಬಾಡಿಗೆ ತಾಗಿದರೆ ತಕ್ಷಣ ನೀರು ಹಾಕಿ.

ವೈರಿಂಗ್

ತೊಗರಿ ಇದ್ದಲ್ಲಿ ಇಲಿ ಇರುತ್ತದೆ, ಇಲಿ ಇದ್ದಲ್ಲಿ ವೈರ್ ಉಳಿಯುವುದಿಲ್ಲ. ನನ್ನ ಕಾರಿನ ಡ್ಯಾಶ್‌ಬೋರ್ಡ್ ಹಿಂದೆ ಪೂರಾ ಸಂಸಾರ ಹೂಡಿದ್ದವು. ಇದರ ಮೇಲೆ ಹಳೆಯ ಮೆಕ್ಯಾನಿಕ್‌ಗಳು ಒಬ್ಬರಾದ ಮೇಲೆ ಒಬ್ಬರು ಟೇಪ್ ಸುತ್ತಿ ಸೇರಿಸಿದ ವೈರುಗಳು. ಮನೆಯ ಫ್ಯಾನಿಗೆ ಎಳೆಯುವ ವೈರು ಕೂಡ ಅದರಲ್ಲಿತ್ತು. ಕರೆಂಟ್ ಆಫೀಸಿನವನ ಕಣ್ಣಿಗೆ ಅದು ಮಹಾ ಪಾಪ.

ಬ್ಯಾಟರಿ ಕೂರಿಸುವ ಮೊದಲು ಬಾಡಿಗೆ ಹೋಗುವ ದಪ್ಪ ಕೇಬಲ್ ಯಾವ ತುದಿಯದು ಎಂದು ನೋಡಿ. ಹಳೆಯ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಬಾಡಿಗೆ ಇರುತ್ತಿತ್ತು. ಅಂಥ ಕಾರಿಗೆ ಈಗಿನ ರೂಢಿಯಂತೆ ನೆಗೆಟಿವ್ ಕೊಟ್ಟರೆ ಚಾರ್ಜಿಂಗ್ ಕೆಡುತ್ತದೆ, ಆಲ್ಟರ್ನೇಟರ್ ಅಥವಾ ರೇಡಿಯೊ ಇದ್ದರೆ ಸುಟ್ಟೇ ಹೋಗುತ್ತದೆ. ನಡುವೆ ಯಾರಾದರೂ ಬದಲಿಸಿರಲೂಬಹುದು. ಊಹೆ ಮಾಡಬೇಡಿ, ಕೇಬಲ್ ಹಿಡಿದು ಹೋಗಿ ನೋಡಿ.

ಆಮೇಲೆ ಬ್ಯಾಟರಿಯನ್ನು ನೇರವಾಗಿ ಜೋಡಿಸಬೇಡಿ. ಬಾಡಿಗೆ ಹೋಗದ ತುದಿಗೂ ಕಾರಿನ ಕೇಬಲ್‌ಗೂ ನಡುವೆ 12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಒಂದನ್ನು ಸರಣಿಯಲ್ಲಿ ಹಾಕಿ. ಎಲ್ಲ ಸ್ವಿಚ್ ಬಂದ್ ಇದ್ದಾಗ ಬಲ್ಬ್ ಉರಿಯಬಾರದು. ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ. ಆದರೆ ಎರಡು ಆಂಪಿಯರ್‌ಗಿಂತ ಜಾಸ್ತಿ ಹರಿಯಲು ಬಲ್ಬ್ ಬಿಡುವುದಿಲ್ಲ, ಹಾಗಾಗಿ ಬೆಂಕಿಯ ಭಯವಿಲ್ಲ. ಒಂದೊಂದೇ ವೈರು ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಬಲ್ಬ್ ಆರುತ್ತದೋ ಅದೇ ಕಳ್ಳ.

ಬಣ್ಣಗಳಿಗೆ ಒಂದು ಪದ್ಧತಿ ಇದೆ. ಲೂಕಾಸ್ ಎಂಬ ಬ್ರಿಟಿಷ್ ಕಂಪನಿಯ ಲೆಕ್ಕದಲ್ಲಿ ಕಂದು ವೈರು ಬ್ಯಾಟರಿಯಿಂದ ನೇರ ಬರುವುದು, ಫ್ಯೂಸ್ ಇಲ್ಲದ್ದು. ಅದನ್ನು ಎಲ್ಲಕ್ಕಿಂತ ಹುಷಾರಾಗಿ ನೋಡಿ. ಬಿಳಿ ಇಗ್ನಿಷನ್ ಕೀಲಿಯಿಂದ, ಹಸಿರು ಅದರ ಫ್ಯೂಸ್ ದಾಟಿದ್ದು, ನೀಲಿ ಹೆಡ್‌ಲೈಟ್, ಕೆಂಪು ಪಾರ್ಕಿಂಗ್ ಮತ್ತು ಹಿಂದಿನ ಲೈಟ್, ಕಪ್ಪು ಅರ್ಥ್, ಅಂದರೆ ಬಾಡಿಗೆ ಹೋಗುವುದು. ಧೂಳು ಒರೆಸಿದರೆ ಎಷ್ಟೋ ಕಡೆ ಬಣ್ಣ ಇನ್ನೂ ಕಾಣುತ್ತದೆ. ಲೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಎಂದು ಇದ್ದರೆ ಅದು ಸುಡುವ ಆಂಪಿಯರ್. ಸತತವಾಗಿ ಹೊರುವುದು ಅದರ ಅರ್ಧ ಮಾತ್ರ. ಇದು ತಿಳಿಯದೆ ಈಗಿನ ಬ್ಲೇಡ್ ಫ್ಯೂಸ್ 35ರದ್ದು ಹಾಕುತ್ತಾರೆ. ಆಮೇಲೆ ಫ್ಯೂಸ್ ಉಳಿಯುತ್ತದೆ, ವೈರು ಸುಡುತ್ತದೆ.

ಹೆಡ್‌ಲೈಟ್ ಮಂಕು ಎಂದು ಎಲ್ಲರೂ ದೊಡ್ಡ ಬಲ್ಬ್ ಹಾಕಲು ಓಡುತ್ತಾರೆ. ತೊಂದರೆ ಬಲ್ಬಿನದ್ದಲ್ಲ. ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ಥ್ ತುದಿಗೆ, ಇನ್ನೊಂದು ಬಲ್ಬಿನ ಅರ್ಥ್ ವೈರಿಗೆ ಹಿಡಿಯಿರಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಕೆಟ್ಟಿದೆ. ಬಾಡಿಗೆ ಕೂತ ಜಾಗವನ್ನು ಹೊಳೆಯುವ ತನಕ ಉಜ್ಜಿ, ನಕ್ಷತ್ರದ ವಾಷರ್ ಹಾಕಿ ಬಿಗಿದು ಮೇಲೆ ಗ್ರೀಸ್ ಸವರಿ. ಹೀಗೇ ಬಾಡಿಗೆ ಹೋಗದ ತುದಿಯ ಕಡೆಯೂ ಅಳೆಯಿರಿ. ಬಲ್ಬಿಗೆ 12ರ ಬದಲು 10.8 ವೋಲ್ಟ್ ಮುಟ್ಟಿದರೆ ಬೆಳಕು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. 60 ವ್ಯಾಟಿನ ಎರಡು ಬಲ್ಬು ಅಂದರೆ 10 ಆಂಪಿಯರ್. ಅಷ್ಟೂ ಹಳೆ ಸ್ವಿಚ್ಚಿನ ಮೂಲಕ, ಕಾಲಲ್ಲಿ ಒತ್ತುವ ಡಿಪ್ಪರ್ ಮೂಲಕ ಹಾಯುತ್ತದೆ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ರಿಲೇ ಎರಡು ಹಾಕಿದರೆ ಸ್ವಿಚ್ಚೂ ಉಳಿಯುತ್ತದೆ, ಬೆಳಕೂ ಬರುತ್ತದೆ. ಆಳಂದ ರಸ್ತೆಯಲ್ಲಿ ಕಬ್ಬಿನ ಟ್ರಾಲಿಗಳು ಹಿಂದೆ ಲೈಟಿಲ್ಲದೆ ಹೋಗುವ ಕಾಲದಲ್ಲಿ ಈ ಖರ್ಚು ದೊಡ್ಡದಲ್ಲ.

ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಬದಲು ಡೈನಮೊ ಇರುವ ಕಾರು ಬಹಳ ದಿನ ನಿಂತರೆ ಅದರ ಒಳಗಿನ ಕಾಂತಶಕ್ತಿ ಇಳಿದುಹೋಗಿ ಚಾರ್ಜ್ ಮಾಡುವುದಿಲ್ಲ. ಬಿಚ್ಚಿ ಎಸೆಯಬೇಡಿ. ಡೈನಮೊ ಮೇಲಿನ 'ಎಫ್' ವೈರು ತೆಗೆಯಿರಿ. ಬಾಡಿಗೆ ಹೋಗದ ಬ್ಯಾಟರಿ ತುದಿಯಿಂದ ಒಂದು ವೈರು ತಂದು ಆ 'ಎಫ್' ಮೊಳೆಗೆ ಎರಡು ಮೂರು ಸಲ ಸುಮ್ನೆ ಮುಟ್ಟಿಸಿ ತೆಗೆಯಿರಿ. ಸಣ್ಣ ಕಿಡಿ ಬರುತ್ತದೆ, ಅಷ್ಟೇ. ವೈರು ಮತ್ತೆ ಹಾಕಿ. ಈ ಕಿಡಿ ಕೆಲಸವನ್ನು ಪೆಟ್ರೋಲ್ ಹತ್ತಿರ ಇಟ್ಟುಕೊಳ್ಳಬೇಡಿ.

ಇಂಜಿನ್

ಪ್ಲಗ್ ನಾಲ್ಕೂ ಬಿಚ್ಚಿ. ಪ್ರತಿ ತೂತಿಗೆ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಮರೆತುಬಿಡಿ. ಆಮೇಲೆ ನ್ಯೂಟ್ರಲ್ ಮಾಡಿ, ಮುಂದಿನ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿ. ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಹ್ಯಾಂಡಲ್ ಸುತ್ತ ಹಿಡಿಯಬೇಡಿ. ಮುಂದೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡುವಾಗ ಅದು ವಾಪಸು ಒದ್ದರೆ ಹೆಬ್ಬೆರಳು ಮುರಿಯುತ್ತದೆ. ಈಗಲೇ ಅಭ್ಯಾಸವಾಗಲಿ.

ಸಲೀಸಾಗಿ ತಿರುಗಿದರೆ ಹಳೆ ಆಯಿಲ್ ಇಳಿಸಿ, 20ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50 ಹಾಕಿ, ಫಿಲ್ಟರ್ ಬದಲಿಸಿ. ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಬರುವುದನ್ನು ನೋಡಿ. ತಿರುಗದೇ ಇದ್ದರೆ ಜೋರು ಬೇಡ. ಹೆಡ್ ಬಿಚ್ಚಿಸಬೇಕಾಗುತ್ತದೆ, ಅದು ಲೇತ್ ಅಂಗಡಿಯ ದಾರಿ.

ಟ್ಯಾಪೆಟ್ ಸೆಟ್ ಮಾಡುವುದು, ಅಂದರೆ ವಾಲ್ವಿನ ಮೇಲಿನ ಸಂದು ಸರಿ ಮಾಡುವುದು, ಮನೆಯಲ್ಲೇ ಆಗುವ ಖುಷಿಯ ಕೆಲಸ. ವಾಲ್ವು ಎಂಟು. ಮುಂದಿನಿಂದ ಒಂದು ಎರಡು ಎಂದು ಎಣಿಸಿ. ಲೆಕ್ಕ ಒಂಬತ್ತರದ್ದು. ಎಂಟನೆಯದು ಪೂರ್ತಿ ಒತ್ತಿಕೊಂಡಿದ್ದಾಗ ಒಂದನೆಯದನ್ನು ಸೆಟ್ ಮಾಡಿ. ಆರನೆಯದು ಒತ್ತಿದ್ದಾಗ ಮೂರನೆಯದು. ಎರಡೂ ಕೂಡಿದರೆ ಒಂಬತ್ತು ಬರಬೇಕು. ಈ 1489 ಇಂಜಿನ್ನಿಗೆ ಸಂದು 0.015 ಇಂಚು. ಸಂದು ಅಳೆಯುವ ಫೀಲರ್ ಪಟ್ಟಿ ಹಿಡಿದು ಎಳೆದರೆ ಸ್ವಲ್ಪ ತಡೆಯುತ್ತಾ ಬರಬೇಕು.

ಡೆಲ್ಕೋ ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಅದರ ಕ್ಯಾಪ್ ತೆಗೆದು, ಕರೆಂಟ್ ಕತ್ತರಿಸುವ ಪಾಯಿಂಟ್ ನೋಡಿ. ಕಪ್ಪಾಗಿದ್ದರೆ ಪಾಯಿಂಟೂ ಕಂಡೆನ್ಸರೂ ಒಟ್ಟಿಗೇ ಬದಲಿಸಿ. ಪಾಯಿಂಟ್ ಪೂರ್ತಿ ತೆರೆದಾಗ ಅಲ್ಲೂ ಸಂದು 0.015 ಇಂಚಿನ ಆಸುಪಾಸು. ಪ್ಲಗ್ಗಿಗೆ 0.025. ಪ್ಲಗ್ ವೈರುಗಳು 1-3-4-2ರ ಕ್ರಮದಲ್ಲಿ, ಕ್ಯಾಪಿನೊಳಗಿನ ರೋಟರ್ ತಿರುಗುವ ದಿಕ್ಕಿನಲ್ಲೇ ಕೂರಬೇಕು. ಈ ಇಂಜಿನ್ನಿನಲ್ಲಿ ರೋಟರ್ ಗಡಿಯಾರಕ್ಕೆ ಉಲ್ಟಾ ತಿರುಗುತ್ತದೆ.

ಟ್ಯಾಂಕಿನ ಹಳೆ ಪೆಟ್ರೋಲ್ ಪೂರ್ತಿ ಇಳಿಸಿ. ಟ್ಯಾಂಕ್ ಕೆಳಗಿಳಿಸಿ, ಸ್ವಲ್ಪ ಡೀಸೆಲ್ ಮತ್ತು ಒಂದು ತುಂಡು ಸರಪಳಿ ಒಳಗೆ ಹಾಕಿ ಅಲುಗಾಡಿಸಿದರೆ ತುಕ್ಕು ಉದುರುತ್ತದೆ. ಸರಪಳಿಯ ಒಂದು ತುದಿ ಹೊರಗೇ ಹಿಡಿದಿರಿ. ಟ್ಯಾಂಕ್ ಸೋರಿದರೆ ವೆಲ್ಡಿಂಗ್ ಮಾಡಿಸಲು ಹೋಗಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ 20 ಪ್ರತಿಶತದ ತನಕ ಎಥನಾಲ್ ಇದೆ. ಅದು ಹಳೆಯ ರಬ್ಬರನ್ನೂ ಕಾರ್ಕನ್ನೂ ಮೆತ್ತಗೆ ಮಾಡುತ್ತದೆ, ಗಾಳಿಯ ನೀರನ್ನು ಹೀರುತ್ತದೆ. ಪೈಪು, ಪಂಪಿನ ಡಯಾಫ್ರಾಂ, ಕಾರ್ಬೊರೇಟರ್ ಕಿಟ್ ಕೊಳ್ಳುವಾಗ ಎಥನಾಲ್ ತಡೆಯುವಂಥದ್ದನ್ನೇ ಕೇಳಿ. ಕಾರು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿ.

ಬೇಸಿಗೆಯ ಬಾಬತ್ತು

ರೇಡಿಯೇಟರಿಗೆ ಬೋರ್ ನೀರು ಹಾಕಬೇಡಿ. ನಮ್ಮ ಸುಣ್ಣದ ನೆಲದ ನೀರು ಒಳಗಿನ ಸಣ್ಣ ಕೊಳವೆಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಮತ್ತು ಕೂಲಂಟ್ ಬೆರೆಸಿ ಹಾಕಿ. ಮುಚ್ಚಳ ನಿಮ್ಮ ಕಾರಿಗೆ ಹೇಳಿದ ಒತ್ತಡದ್ದೇ ಇರಲಿ. 7 ಪಿಎಸ್‌ಐ ಹಿಡಿಯುವ ಮುಚ್ಚಳ ಇದ್ದರೆ ನೀರು 110 ಡಿಗ್ರಿ ಹತ್ತಿರದ ತನಕ ಕುದಿಯುವುದಿಲ್ಲ. ಕಾದ ಇಂಜಿನ್ನಿನ ಮುಚ್ಚಳ ತೆಗೆಯಬಾರದು ಎನ್ನುವುದು ಇದಕ್ಕೇ.

ಇಂಜಿನ್ ಕಾಯುವ ತನಕ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ಥರ್ಮೋಸ್ಟಾಟ್ ತೆಗೆದು ಬಿಸಾಡುವುದು ನಮ್ಮ ಕಡೆಯ ರೂಢಿ. ನನಗೆ ಒಪ್ಪಿಗೆಯಿಲ್ಲ. ಅದಿಲ್ಲದಿದ್ದರೆ ಚಳಿಗಾಲದ ಬೆಳಿಗ್ಗೆ ಇಂಜಿನ್ ಕಾಯುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ತೂಗುಬಿಡಿ. ಮೇಲೆ ಬರೆದ ಡಿಗ್ರಿ ಹತ್ತಿರ ಬಾಯಿ ತೆರೆದರೆ ಅದು ಸರಿಯಿದೆ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತಾಗ ಕಾರು ಬಂದ್ ಆಗಿ, ಅರ್ಧ ಗಂಟೆ ಬಿಟ್ಟು ತಾನೇ ಚಾಲೂ ಆದರೆ ಅದು ಪೆಟ್ರೋಲ್ ಪೈಪಿನಲ್ಲೇ ಆವಿಯಾದದ್ದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದು ಡ್ರೈವರುಗಳ ಹಳೆಯ ಉಪಾಯ, ಈಗಲೂ ನಡೆಯುತ್ತದೆ. ಆದರೆ ಪೈಪನ್ನು ಸೈಲೆನ್ಸರಿನಿಂದ ದೂರ ಸರಿಸಿ ಶಾಖ ತಡೆಯುವ ಕವಚ ಹಾಕುವುದೇ ಸರಿಯಾದ ದಾರಿ.

ತಗಡು, ಬಣ್ಣ, ಕಾಗದ

ಸಮುದ್ರದ ಗಾಳಿ ಇಲ್ಲಿಲ್ಲ, ಅದು ನಮ್ಮ ಪುಣ್ಯ. ನಮ್ಮ ವೈರಿ ಯೆರೆ ಮಣ್ಣು. ಮಡ್‌ಗಾರ್ಡ್ ಒಳಗೆ, ಬಾಗಿಲ ಕೆಳಗಿನ ಪೆಟ್ಟಿಗೆ ಭಾಗದಲ್ಲಿ ಮೆತ್ತಿಕೊಂಡು ಮಳೆಗಾಲದ ಒದ್ದೆಯನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಕಟ್ಟಿಗೆಯಿಂದ ಕೆರೆದು, ನೀರು ಬಿಟ್ಟು, ಬಿಸಿಲಿಗೆ ಒಣಗಿಸಿ. ಬಾಗಿಲ ಅಡಿಯ ನೀರಿನ ತೂತುಗಳನ್ನು ತಂತಿ ಹಾಕಿ ಬಿಡಿಸಿ. ಆಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಡಿ ಮೇಲೆ ಓಡಿಸಿದರೆ ಎಲ್ಲಿ ತಗಡಿದೆ, ಎಲ್ಲಿ ಬರೀ ಪುಟ್ಟಿ ಇದೆ ಗೊತ್ತಾಗುತ್ತದೆ. ಈ ಕಾರಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ತಗಡೇ ಅದರ ಎಲುಬು. ಬಾಗಿಲ ಕೆಳಗಿನ ಭಾಗ ಕತ್ತರಿಸುವುದಿದ್ದರೆ ಮೊದಲು ಒಳಗೆ ಪೈಪಿನ ಆಸರೆ ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ಬಾಡಿ ಬಾಗಿ ಬಾಗಿಲು ಕೂರುವುದಿಲ್ಲ.

ಬಣ್ಣ ಮನೆಯಲ್ಲಿ ಬೇಡ. ಹಾರ್ಡನರ್ ಬೆರೆಸುವ ಬಣ್ಣಗಳ ಆವಿಯಲ್ಲಿ ಐಸೋಸಯನೇಟ್ ಎಂಬ ವಿಷ ಇರುತ್ತದೆ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಉಜ್ಜುವುದು, ಪ್ರೈಮರ್ ತನಕ ತರುವುದು ನೀವು ಮಾಡಿ, ಉಳಿದದ್ದು ಬೂತ್ ಇರುವವರಿಗೆ ಕೊಡಿ.

ಕಾಗದ ಮಾತ್ರ ಕೆಲಸ ಶುರುವಾಗುವ ಮೊದಲೇ ನೋಡಿ. ಆರ್‌ಸಿಯಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರು ಕಾರಿನ ಮೇಲಿನದ್ದಕ್ಕೆ ಕೂಡಬೇಕು. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ನವೀಕರಣ. 50 ದಾಟಿದ, ಮೂಲ ರೂಪದಲ್ಲೇ ಇರುವ ಕಾರಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ 'ವಿಎ' ಬರುತ್ತದೆ, 10 ವರ್ಷ ನಡೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ಎಂದು ನಿಯಮದಲ್ಲಿದೆ. ಆದರೆ ಅದರಲ್ಲಿ ದಿನಾ ಸಂತೆಗೆ ಹೋಗುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ನನ್ನ ಕಾರಿಗೆ 2027ರಲ್ಲಿ 50 ತುಂಬುತ್ತದೆ. ನನಗೆ ಅದರಲ್ಲಿ ಊರಿಗೆ ಹೋಗಿಬರಬೇಕು, ಹಾಗಾಗಿ ಹಳೆ ನಂಬರಿನಲ್ಲೇ ಇಟ್ಟುಕೊಳ್ಳುತ್ತೇನೆ.

ಮೊದಲ ಸಲ ರಸ್ತೆಗೆ ತಂದಾಗ ಬೆಳಿಗ್ಗೆ ಬೇಗ, ರಿಂಗ್ ರೋಡಿನಲ್ಲಿ ಒಂದು ಸುತ್ತು ಸಾಕು. ಬಂದ ಕೂಡಲೇ ನಾಲ್ಕೂ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಕಾದಿದ್ದರೆ ಆ ಗಾಲಿಯ ಬ್ರೇಕ್ ಹಿಡಿಯುತ್ತಿದೆ. ಗಾಲಿ ನಟ್ಟುಗಳನ್ನು 50 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ಆಯಿಲ್ 500ಕ್ಕೇ ಬದಲಿಸಿ, ಒಳಗಿನ ಹಳೆ ಕೊಳೆಯೆಲ್ಲ ಅದರ ಜೊತೆ ಬರುತ್ತದೆ. ಡಿಕ್ಕಿಯಲ್ಲಿ ಐದು ಲೀಟರ್ ನೀರು, ಫ್ಯಾನ್ ಬೆಲ್ಟ್, ಒಂದು ಕಂಡೆನ್ಸರ್, ಇಂಚಿನ ಪಾನಾಗಳು ಮತ್ತು ಒಂದು ದಪ್ಪ ಬಟ್ಟೆ ಇರಲಿ.